ಇವತ್ತು ಅಪ್ಪ ರೆಡಿ ಮಾಡಿದ್ದಾ?

ಈ ಪ್ರಶ್ನೆಗೆ ಎರಡು ವೇಷ. ಮಗಳ ತಲೆಗೂದಲು ಕೂತಿದ್ದು, ಅಂಗಿಯ ಗುಂಡಿಗಳೆಲ್ಲ ಅವುಗಳ ಕಾಜದಲ್ಲೇ ಇದ್ದರೆ, "ಅಮ್ಮ ರೆಡಿ ಮಾಡಿದ್ದಾ ಪುಟ್ಟಿ?" ಒಂದು ಗುಂಡಿ ಪಕ್ಕದ ಕಾಜಕ್ಕೆ ವಲಸೆ ಹೋಗಿ, ಕಾಲರ್ ಒಂದು ಕಡೆ ಕಿವಿ ಮುಟ್ಟುತ್ತಿದ್ದರೆ, "ಓ, ಇವತ್ತು ಅಪ್ಪ ರೆಡಿ ಮಾಡಿದ್ದಾ?" ಎರಡೂ ದಿನ ರೆಡಿ ಮಾಡಿದವನು ನಾನೇ. ಅದನ್ನು ಹೇಳಿದರೆ ಯಾರೂ ನಂಬುವುದಿಲ್ಲ. ಹೇಳದಿದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಆ ಮೇಲೆ ಅಸಲು ಪ್ರಶ್ನೆ ಬರುತ್ತದೆ. "ಅಲ್ಲಾ, ಮನೇಲಿ ಹೆಂಗಾದ್ರೂ ಇರಲಿ. ಊರಿಗೆ ಹೊರಡುವಾಗಲಾದರೂ ಈ ಹುಡುಗೀನ ಒಂಚೂರು ನೀಟಾಗಿ ಹೊರಡಿಸೋಕೆ ಏನು ಕಷ್ಟ?" ಎರಡು ವರ್ಷದಿಂದ ಇದನ್ನು ನಿಂತು, ಕೂತು, ಕೈಯಲ್ಲಿ ಎರಡು ಬ್ಯಾಗ್ ಹಿಡಿದುಕೊಂಡು, ಫೋನಿನಲ್ಲಿ, ಮೆಟ್ಟಿಲಿನ ಮೇಲೆ, ಹೀಗೆ ಎಲ್ಲ ಭಂಗಿಗಳಲ್ಲೂ ಕೇಳಿಸಿಕೊಂಡಿದ್ದೇನೆ. ಇನ್ನು ಬಾಯಲ್ಲಿ ಉತ್ತರ ಕೊಡುವುದಿಲ್ಲ. ಕೇಳಿದವರಿಗೆ ಇದನ್ನು ಕಳಿಸುತ್ತೇನೆ.

ಏನು ಕಷ್ಟ ಎಂದು ಕೇಳಿದಿರಲ್ಲ, ಹೇಳುತ್ತೇನೆ. ಹೊರಡಿಸುವುದು ಕಷ್ಟವೇ ಅಲ್ಲ. ಹೊರಡುವಾಗ ನನ್ನ ಮಗಳು ನೀಟಾಗಿಯೇ ಇರುತ್ತಾಳೆ. ನೀವು ನೋಡುವುದು ತಲುಪಿದ ಮಗುವನ್ನು. ಈ ಎರಡು ಮಕ್ಕಳ ನಡುವೆ ಐದು ಗಂಟೆ ಪ್ರಯಾಣ, ಒಂದು ಕಿಟಕಿ, ಒಂದು ಹಣ್ಣಿನ ರಸದ ಡಬ್ಬಿ ಮತ್ತು ಎದುರು ಸೀಟಿನವರ ಪೆನ್ನು ಇರುತ್ತವೆ. ಹಾಗಾಗಿ ಉಪಾಯ ಬೇಕಿದ್ದರೆ ಒಂದೇ ಇದೆ: ಪ್ರಯಾಣಕ್ಕೆ ಹಳೆಯದು ಹಾಕಿ, ಒಳ್ಳೆಯದನ್ನು ಚೀಲದಲ್ಲಿಡಿ, ಇಳಿಯಲು ಹತ್ತು ನಿಮಿಷ ಇರುವಾಗ ಬದಲಾಯಿಸಿ. ಒಳ್ಳೆಯ ಬಟ್ಟೆಯನ್ನು ಮಡಚದೆ ಸುರುಳಿ ಸುತ್ತಿಡಿ, ಗೆರೆ ಗೆರೆಯಾಗಿ ಸುಕ್ಕು ಬೀಳುವುದು ಕಡಿಮೆ. ಉತ್ತರ ಮುಗಿಯಿತು. ಅವಸರದಲ್ಲಿರುವವರು ಇಲ್ಲಿಂದ ಎದ್ದು ಹೋಗಬಹುದು.

ಉಳಿದವರಿಗೆ ಆ ಮದುವೆಯ ಕಥೆ ಹೇಳಬೇಕು, ಏಕೆಂದರೆ ಈ ಪ್ರಶ್ನೆ ಹುಟ್ಟಿದ್ದೇ ಅಲ್ಲಿ.

ಅವಳಿಗೆ ಆಗ ಐದು ವರ್ಷ. ಹೆಂಡತಿ ಎರಡು ದಿನ ಮೊದಲೇ ಮದುವೆ ಮನೆಗೆ ಹೋಗಿದ್ದಳು. ಬೆಳಗಿನ ರೈಲಿಗೆ ಮಗಳನ್ನು ಕರೆದುಕೊಂಡು ಬರುವ ಹೊಣೆ ನನ್ನದು. ಕೆನೆಬಣ್ಣದ ಫ್ರಾಕು, ಬಿಳಿ ಸಾಕ್ಸು, ಹೊಸ ಶೂ, ಎಲ್ಲವನ್ನೂ ಹೆಂಡತಿ ಕುರ್ಚಿಯ ಮೇಲೆ ಜೋಡಿಸಿಟ್ಟು ಹೋಗಿದ್ದಳು. ನೋಡಿದರೆ ಆ ಬಟ್ಟೆಯೊಳಗೆ ಮಗುವನ್ನು ಇಳಿಸುವುದೊಂದೇ ಬಾಕಿ ಅನ್ನಿಸುವಂತೆ.

ನಾಲ್ಕೂವರೆಗೆ ಎಬ್ಬಿಸಿದೆ. ಫ್ರಾಕಿನವರೆಗೆ ಎಲ್ಲವೂ ಸುಸೂತ್ರ. ಸಾಕ್ಸ್ ಹಾಕಿದ ಕೂಡಲೇ, "ಅಪ್ಪ, ಚುಚ್ತಿದೆ."

"ಏನೂ ಚುಚ್ಚಲ್ಲ."

"ಚುಚ್ತಿದೆ."

ತೆಗೆದು ಕೊಡವಿದೆ. ಒಳಗೆ ಕೈ ಹಾಕಿ ನೋಡಿದೆ. ಮುಳ್ಳಿಲ್ಲ, ಕಲ್ಲಿಲ್ಲ. ಮತ್ತೆ ಹಾಕಿದೆ. ಮತ್ತೆ ಚುಚ್ಚಿತು. ಮೂರನೆಯ ಸಲಕ್ಕೆ ನನ್ನ ದನಿ ಏರಿತು, ನಾಲ್ಕನೆಯ ಸಲಕ್ಕೆ ಅವಳದು. ಐದನೆಯ ಸಲ ಕಾಲನ್ನು ತೊಡೆಯ ಮೇಲೆ ಅದುಮಿ ಹಿಡಿದು ಸಾಕ್ಸ್ ಏರಿಸಿ, ಮೇಲಿನಿಂದ ಶೂ ತುರುಕಿ, ಬಾಗಿಲು ಹಾಕಿಕೊಂಡು ಹೊರಟೆ. ನಲವತ್ತು ನಿಮಿಷ ಹೋಗಿತ್ತು. ನಿಲ್ದಾಣದವರೆಗೂ ಹಿಮ್ಮಡಿಯ ಮೇಲೆ ನಡೆದಳು. ಹಟಕ್ಕೆ ಹಾಗೆ ಮಾಡುತ್ತಿದ್ದಾಳೆಂದೇ ನಾನು ನಂಬಿದ್ದೆ.

ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಶೂ ಬಿಚ್ಚಿದೆ. ಕಾಲ್ಬೆರಳುಗಳ ಉದ್ದಕ್ಕೂ ಒಂದು ಕೆಂಪು ಗೆರೆ, ಯಾರೋ ಸ್ಕೇಲು ಇಟ್ಟು ಎಳೆದ ಹಾಗೆ. ಸಾಕ್ಸ್ ತಿರುಗಿಸಿ ನೋಡಿದೆ. ಬೆರಳ ತುದಿಯಲ್ಲಿ ಎರಡು ಬಟ್ಟೆ ಸೇರುವ ಕಡೆ ಒಳಗಿನಿಂದ ಹೊಲಿಗೆಯ ಏಣು ಇರುತ್ತದಲ್ಲ, ಅದು. ನಮ್ಮ ನಿಮ್ಮ ಕಾಲಿಗೆ ಅದು ಇರುವುದೇ ಗೊತ್ತಾಗುವುದಿಲ್ಲ. ಕೆಲವು ಮಕ್ಕಳ ಚರ್ಮಕ್ಕೆ ಮಾತ್ರ ಆ ಏಣು, ಕತ್ತಿನ ಹಿಂದಿನ ಲೇಬಲ್ಲು, ಬಿಗಿಯಾದ ಇಲಾಸ್ಟಿಕ್ಕು, ಇವೆಲ್ಲ ನಿಜವಾಗಿಯೂ ಚುಚ್ಚುತ್ತವೆ. ಅಂಗಿ ಕಂಪನಿಗಳು ಲೇಬಲ್ ಹೊಲಿಯುವುದು ಬಿಟ್ಟು ಬಟ್ಟೆಯ ಮೇಲೆಯೇ ಅಚ್ಚು ಹಾಕುವುದು, ಏಣೇ ಇಲ್ಲದ ಸಾಕ್ಸ್ ಮಾರುವುದು ಸುಮ್ಮನೆ ಅಲ್ಲ. ಸಾಕ್ಸನ್ನು ಉಲ್ಟಾ ಮಾಡಿ ಹಾಕಿದೆ. ಏಣು ಹೊರಗೆ, ನುಣುಪು ಒಳಗೆ. ಅವಳು ಬೆರಳು ಆಡಿಸಿ ನೋಡಿದಳು. ಏನೂ ಹೇಳಲಿಲ್ಲ. ನನಗೂ ಏನೂ ಹೇಳಲು ಬಾಯಿ ಬರಲಿಲ್ಲ.

ರೈಲು ತಡವಾಗಿತ್ತು. ನಾನು ಬೋರ್ಡು ನೋಡಲು ಹೋಗಿ ಬರುವಷ್ಟರಲ್ಲಿ ಅವಳು ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕಲ್ಲು ಆರಿಸುತ್ತಿದ್ದಳು. ಕೆನೆಬಣ್ಣದ ಫ್ರಾಕಿನ ಮುಂಭಾಗವನ್ನು ಮಡಿಲು ಮಾಡಿಕೊಂಡು, ಅದರ ತುಂಬ ಜಲ್ಲಿ. ಮಸಿ ಹಿಡಿದ, ಎಣ್ಣೆ ಜಿಡ್ಡಿನ ಜಲ್ಲಿ. ಅಷ್ಟರಲ್ಲಿ ರೈಲು ಬಂತು. ನಾನು ಮಡಿಲು ಝಾಡಿಸಿ, ಎತ್ತಿಕೊಂಡು ಓಡಿದೆ. ಬೋಗಿಯಲ್ಲಿ ಕೂತ ಮೇಲೆ ಒದ್ದೆ ಬಟ್ಟೆಯಿಂದ ಕಲೆಯನ್ನು ಉಜ್ಜಿದೆ. ಉಜ್ಜಬಾರದು. ಕಲೆಯನ್ನು ಒತ್ತಿ ತೆಗೆಯಬೇಕು, ಅದೂ ಅಂಚಿನಿಂದ ನಡುವಿಗೆ. ಉಜ್ಜಿದರೆ ಅದು ಹಿಗ್ಗುತ್ತದೆ, ನೂಲಿನೊಳಗೆ ಇಳಿಯುತ್ತದೆ. ಇದನ್ನು ಆಗ ಯಾರೂ ನನಗೆ ಹೇಳಿರಲಿಲ್ಲ. ಅಂಗೈಯಗಲದ ಕಪ್ಪು ಇಳಿಯುವ ಹೊತ್ತಿಗೆ ಊಟದ ತಟ್ಟೆಯಷ್ಟು ದೊಡ್ಡ ಬೂದಿಬಣ್ಣದ ಮೋಡವಾಗಿತ್ತು.

ಬದಲಿ ಬಟ್ಟೆ? ದೊಡ್ಡ ಸೂಟ್‌ಕೇಸಿನಲ್ಲಿತ್ತು. ಸೂಟ್‌ಕೇಸು ಹೆಂಡತಿಯ ಜೊತೆ ಎರಡು ದಿನ ಮೊದಲೇ ಹೋಗಿತ್ತು.

ಮದುವೆ ಹಾಲಿನ ಬಾಗಿಲಲ್ಲಿ ನಮ್ಮ ದೂರದ ಅತ್ತೆಯೊಬ್ಬರು ನಿಂತಿದ್ದರು. ಮಗಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ಸಾಕ್ಸಿನ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತು, "ಏನೋ ಇದು! ಅಪ್ಪ ರೆಡಿ ಮಾಡಿದ್ದಾ?" ಅಂದರು. ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆ ನಗು ಇವತ್ತಿಗೂ ನನಗೆ ಏಣಿನ ಹಾಗೆ ಚುಚ್ಚುತ್ತದೆ.

ಹೆಂಡತಿಗೆ ಸಾಕ್ಸಿನ ಸಂಶೋಧನೆಯನ್ನು ಹೆಮ್ಮೆಯಿಂದ ಹೇಳಿದೆ. ಅವಳು ಹೂ ಕಟ್ಟುತ್ತಾ, "ಹೌದಲ್ಲ, ನಾನು ಯಾವಾಗಲೂ ಉಲ್ಟಾನೇ ಹಾಕೋದು. ಹೇಳೋಕೆ ಮರೆತೆ ನೋಡು" ಅಂದಳು. ಮೂರು ವರ್ಷದಿಂದ ದಿನಾ ಬೆಳಗ್ಗೆ ಆ ಸಾಕ್ಸು ನನ್ನ ಕಣ್ಣೆದುರೇ ಉಲ್ಟಾ ಓಡಾಡುತ್ತಿತ್ತು. ಹಾಗಾಗಿ, ನಿಜ ಹೇಳಬೇಕೆಂದರೆ, ಅತ್ತೆ ಕೇಳಿದ್ದರಲ್ಲಿ ಅವತ್ತಿನ ಮಟ್ಟಿಗೆ ಸುಳ್ಳೇನೂ ಇರಲಿಲ್ಲ. ಮಗಳನ್ನು ರೆಡಿ ಮಾಡುವ ಕೆಲಸ ನಾನು ಕೈಗೆ ತೆಗೆದುಕೊಂಡಿದ್ದು ಆ ಮದುವೆಯಿಂದ ಬಂದ ಮೇಲೆ. ಇದನ್ನು ಮೇಲೆ, ಮೊದಲ ಪ್ಯಾರಾದಲ್ಲೇ ಹೇಳಬೇಕಿತ್ತು. ಹೇಳಲಿಲ್ಲ.

ಆಮೇಲೆ ಕಲಿತಿದ್ದು ಬೇಕಾದಷ್ಟಿದೆ. ಮಕ್ಕಳು ಹಾಕಿಕೊಳ್ಳುವುದಕ್ಕಿಂತ ಮೊದಲು ಬಿಚ್ಚುವುದನ್ನು ಕಲಿಯುತ್ತಾರೆ, ಆದ್ದರಿಂದಲೇ ಎರಡು ವರ್ಷದ ಮಗುವಿನ ಒಂದು ಕಾಲಲ್ಲಿ ಯಾವಾಗಲೂ ಸಾಕ್ಸ್ ಇರುವುದಿಲ್ಲ. ದೊಡ್ಡ ಗುಂಡಿಗೆ ಬೆರಳು ಪಳಗುವುದೇ ಮೂರು ನಾಲ್ಕು ವರ್ಷಕ್ಕೆ. ಶೂ ಲೇಸು ಕಟ್ಟಲು ಬರುವುದು ಸಾಮಾನ್ಯವಾಗಿ ಐದರಿಂದ ಏಳರ ನಡುವೆ. ಗುಂಡಿಯನ್ನು ಕೆಳಗಿನಿಂದ ಹಾಕಿಸುತ್ತಾ ಬಂದರೆ ಕಾಜ ತಪ್ಪುವುದಿಲ್ಲ, ಏಕೆಂದರೆ ಕೆಳಗಿನದು ಮಗುವಿಗೆ ಕಾಣುತ್ತದೆ, ಗದ್ದದ ಕೆಳಗಿನದು ಕಾಣುವುದಿಲ್ಲ. ಜಾಕೆಟನ್ನು ನೆಲದ ಮೇಲೆ ಹರಡಿ, ಅದರ ಕತ್ತಿನ ಭಾಗ ಮಗುವಿನ ಕಾಲ ಬಳಿ ಬರುವಂತೆ ಇಟ್ಟು, ಬಗ್ಗಿ ಎರಡೂ ತೋಳಿಗೆ ಕೈ ಹಾಕಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯಲು ಹೇಳಿ. ತಾನಾಗಿಯೇ ಮೈಮೇಲೆ ಕೂರುತ್ತದೆ. ಮೊದಲ ಸಲ ಅದು ಸರಿ ಕೂತಾಗ ಅವಳು ಒಂಬತ್ತು ಸಲ ಬಿಚ್ಚಿ ಹಾಕಿಕೊಂಡಳು. ಅವತ್ತು ಬಸ್ಸು ತಪ್ಪಿತು.

ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮಿನಲ್ಲಿ "ಮಕ್ಕಳ ಮನೆ" ಎಂಬ ಶಾಲೆ ತೆರೆದರು. ಅವರ ಪದ್ಧತಿಯಲ್ಲಿ ಮಕ್ಕಳಿಗೆ ಕೊಡುವ ಸಾಮಾನುಗಳಲ್ಲಿ ಮರದ ಚೌಕಟ್ಟುಗಳಿವೆ. ಒಂದೊಂದು ಚೌಕಟ್ಟಿಗೂ ಎರಡು ಬಟ್ಟೆಯ ತುಂಡು, ಒಂದಕ್ಕೆ ಗುಂಡಿ, ಒಂದಕ್ಕೆ ಕೊಕ್ಕೆ, ಒಂದಕ್ಕೆ ಕಟ್ಟುವ ರಿಬ್ಬನ್ನು. ಮಗು ಕೂತು ಹಾಕುವುದು, ಬಿಚ್ಚುವುದು. ಅಂದರೆ ಗುಂಡಿ ಹಾಕುವುದನ್ನು ಒಂದು ಪಾಠವಾಗಿ, ಹೊತ್ತು ಕೊಟ್ಟು ಕಲಿಸಬೇಕೆಂದು ನೂರು ವರ್ಷಕ್ಕೂ ಹಿಂದೆಯೇ ಒಬ್ಬರಿಗೆ ಹೊಳೆದಿತ್ತು. ನಾವು ಅದನ್ನು ಕಲಿಸಲು ಆರಿಸಿಕೊಳ್ಳುವ ಹೊತ್ತು ಯಾವುದು? ಕತ್ತಲಿರುವಾಗ, ರೈಲಿಗೆ ಇಪ್ಪತ್ತು ನಿಮಿಷ ಇರುವಾಗ, "ಬೇಗ ಬೇಗ" ಎನ್ನುತ್ತಾ.

ವಾಂತಿಯ ವಿಷಯ ಹೇಳಿ ಮುಗಿಸುತ್ತೇನೆ. ಪ್ರಯಾಣದಲ್ಲಿ ಹೊಟ್ಟೆ ತೊಳಸುವುದು ಹೆಚ್ಚಾಗಿ ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ. ಒಳಕಿವಿ "ಚಲಿಸುತ್ತಿದ್ದೇವೆ" ಎನ್ನುತ್ತದೆ, ಪುಸ್ತಕದ ಮೇಲಿರುವ ಕಣ್ಣು "ಇಲ್ಲ, ಕೂತಿದ್ದೇವೆ" ಎನ್ನುತ್ತದೆ, ಮಿದುಳು ಇಬ್ಬರ ಜಗಳವನ್ನು ಹೊಟ್ಟೆಗೆ ವರ್ಗಾಯಿಸುತ್ತದೆ. ಕಿಟಕಿಯಿಂದ ದೂರ ನೋಡಿಸಿ. ಮಗುವಿಗೆ ಒಂದು ಜೊತೆ ಬದಲಿ ಬಟ್ಟೆ ಕೈಚೀಲದಲ್ಲೇ ಇರಲಿ, ನಿಮಗೂ ಒಂದು ಶರ್ಟ್ ಇರಲಿ. ಎರಡನೆಯದನ್ನು ಯಾರೂ ಹೇಳುವುದಿಲ್ಲ. ಹಾಲು, ಮೊಟ್ಟೆ, ರಕ್ತದಂಥ ಕಲೆಗಳಿಗೆ ತಣ್ಣೀರು ಮಾತ್ರ. ಬಿಸಿನೀರು ಹಾಕಿದರೆ ಅವು ಬೆಂದು ಬಟ್ಟೆಗೇ ಹಿಡಿದುಕೊಳ್ಳುತ್ತವೆ. ಕೆಸರಾದರೆ ಮುಟ್ಟಲೇಬೇಡಿ, ಒಣಗಲಿ, ಆಮೇಲೆ ಬ್ರಷ್ಷಿನಿಂದ ಕೊಡವಿ. ಸಾಕು. ಇಷ್ಟು ಗೊತ್ತಿದ್ದೂ ನನ್ನ ಮಗಳು ನೀಟಾಗಿ ತಲುಪುವುದು ಮೂರಕ್ಕೆ ಒಂದು ಸಲ.

ನನಗೆ ಬೇಸರ ತರಿಸುವುದು ಆ "ಒಂಚೂರು ನೀಟಾಗಿ" ಎನ್ನುವ ಮಾತು. ಯಾರ ಕಣ್ಣಿಗೆ ನೀಟು? ಮಗಳಿಗಂತೂ ತನ್ನ ಫ್ರಾಕಿನ ಮುಂಭಾಗ ಕಾಣುವುದೇ ಇಲ್ಲ, ಅವಳು ಅದರೊಳಗಿರುತ್ತಾಳೆ. 1941ರಲ್ಲಿ ಜಾರ್ಜ್ ಡಿ ಮೆಸ್ಟ್ರಾಲ್ ಎಂಬ ಸ್ವಿಸ್ ಎಂಜಿನಿಯರ್ ನಾಯಿಯ ಜೊತೆ ಸುತ್ತಾಡಿ ಬಂದಾಗ ಪ್ಯಾಂಟಿಗೂ ನಾಯಿಯ ಮೈಗೂ ಅಂಟುಬೀಜ ಮೆತ್ತಿಕೊಂಡಿತ್ತು. ಕಿತ್ತು ಎಸೆಯದೆ ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ಬೀಜದ ತುದಿಯಲ್ಲಿ ಪುಟ್ಟ ಪುಟ್ಟ ಕೊಕ್ಕೆಗಳು. ಅದರಿಂದ ವೆಲ್ಕ್ರೋ ಹುಟ್ಟಿತು, 1955ರಲ್ಲಿ ಪೇಟೆಂಟ್ ಆಯಿತು, ಈಗ ನನ್ನ ಮಗಳ ಶೂ ಮೇಲೆ ಚರ್ ಚರ್ ಎನ್ನುತ್ತಿದೆ. ಅವನು ಬಾಗಿಲಿಗೆ ಬಂದಾಗ ನಮ್ಮ ಅತ್ತೆ ನಿಂತಿದ್ದರೆ ನಾನು ಇನ್ನೂ ಲೇಸು ಕಟ್ಟುತ್ತಿದ್ದೆ.

ನನ್ನ ಮಗಳು ಏನೂ ಕಂಡುಹಿಡಿಯಬೇಕಿಲ್ಲ. ಆದರೆ ಅವತ್ತು ಆ ಹಾಲಿನಲ್ಲಿ ಇಷ್ಟೊಂದು ಜನರಲ್ಲಿ ಒಬ್ಬರಾದರೂ "ಇಲ್ಲಿ ಏನು ಕಟ್ಟಿಕೊಂಡಿದ್ದೆ ಪುಟ್ಟಿ?" ಎಂದು ಕೇಳಬಹುದಿತ್ತು. ಕಲೆಯ ಆಕಾರ ನೋಡಿದರೇ ಗೊತ್ತಾಗುತ್ತಿತ್ತು, ಅದು ಚೆಲ್ಲಿಕೊಂಡದ್ದಲ್ಲ, ತುಂಬಿಕೊಂಡದ್ದು. ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ರಾತ್ರಿ ಫ್ರಾಕನ್ನು ಸೋಪಿನ ನೀರಲ್ಲಿ ನೆನೆಹಾಕುವಾಗ ಕೇಳಿದೆ. "ಯಾಕೆ ಆರಿಸ್ಕೊಂಡೆ ಅಷ್ಟೊಂದು ಕಲ್ಲು?"

"ಕಲ್ಲಲ್ಲ. ಒಂದು ಕುದುರೆ, ಒಂದು ಮೊಸಳೆ. ಉಳಿದಿದ್ದೆಲ್ಲ ಅದರ ಮಕ್ಕಳು."

"ಯಾವುದರ ಮಕ್ಕಳು? ಕುದುರೇದಾ ಮೊಸಳೇದಾ?"

"ನೋಡೋಣ ಅಂತಿದ್ದೆ. ನೀನು ಝಾಡಿಸಿಬಿಟ್ಟೆಯಲ್ಲ."

"ಜೇಬಲ್ಲಿ ಹಾಕ್ಕೋಬಹುದಿತ್ತು."

"ಇದಕ್ಕೆ ಜೇಬಿಲ್ಲ."

ನೆನೆಹಾಕಿದ್ದನ್ನು ಎತ್ತಿ ನೋಡಿದೆ. ಸೊಂಟದ ಬಳಿ ಜೇಬಿನ ಬಾಯಿಯಂತೆ ಒಂದು ಪಟ್ಟಿ ಹೊಲಿದಿದ್ದರು, ಒಳಗೆ ಚೀಲವೇ ಇಲ್ಲ. ಗಂಡುಮಕ್ಕಳ ಚಡ್ಡಿಗೆ ಎರಡು ಮುಂದೆ, ಎರಡು ಹಿಂದೆ. ಹೆಣ್ಣುಮಕ್ಕಳ ಫ್ರಾಕಿಗೆ ಜೇಬಿನ ಚಿತ್ರ. ಜೇಬಿಲ್ಲದ ಮಗು ಮಡಿಲು ಮಾಡಿಕೊಳ್ಳುತ್ತದೆ, ಮಡಿಲು ಮಾಡಿದರೆ ಕಲೆಯಾಗುತ್ತದೆ, ಕಲೆಯಾದರೆ ಅಪ್ಪ ರೆಡಿ ಮಾಡಿದ್ದಾ ಎನ್ನುತ್ತಾರೆ. ದಯವಿಟ್ಟು ಈ ಪ್ರಶ್ನೆಯನ್ನು ಫ್ರಾಕು ಹೊಲಿಯುವವರಿಗೆ ಕೇಳಿ.

ಈಗ ಅವಳಿಗೆ ಏಳು. ನಾಡಿದ್ದು ಮತ್ತೊಂದು ಪ್ರಯಾಣವಿದೆ, ಅತ್ತೆಯೂ ಬರುತ್ತಾರೆ. ಹೊಸ ಬಿಳಿ ಫ್ರಾಕಿಗೂ ಜೇಬಿರಲಿಲ್ಲ. ನಿನ್ನೆ ರಾತ್ರಿ ಒಂದು ಹಳೆಯ ದಿಂಬಿನ ಕವರ್ ಕತ್ತರಿಸಿ ಒಳಗಡೆ ಒಂದು ಚೀಲ ಹೊಲಿದೆ. ಬಿಳಿ ನೂಲು ಅರ್ಧಕ್ಕೇ ಮುಗಿಯಿತು, ಉಳಿದದ್ದಕ್ಕೆ ಕಪ್ಪು ನೂಲು. ಹೊರಗಿನಿಂದ ಏನೂ ಕಾಣುವುದಿಲ್ಲ. ಫ್ರಾಕಿನ ಅಂಚು ಎತ್ತಿದರೆ ಮಾತ್ರ ಕಾಣುತ್ತದೆ. ಬೆಳಗ್ಗೆಯಿಂದ ಅವಳು ಮನೆಗೆ ಬಂದವರಿಗೆಲ್ಲ ಎತ್ತಿ ಎತ್ತಿ ತೋರಿಸುತ್ತಿದ್ದಾಳೆ.