ಲೈಸೆನ್ಸ್ ಇಲ್ದೆ ನಡೆದ ಲೇನ್ಸ್‌ವಿಲ್ ಟಿವಿ

1972ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಕ್ಯಾಟ್‌ಸ್ಕಿಲ್ಸ್ ಬೆಟ್ಟಗಳ ನಡುವೆ ಇರೋ ಲೇನ್ಸ್‌ವಿಲ್ ಅನ್ನೋ ಪುಟ್ಟ ಊರಲ್ಲಿ ಒಂದು ಟಿವಿ ಸ್ಟೇಷನ್ ಶುರುವಾಯ್ತು. ಲೈಸೆನ್ಸ್ ಇಲ್ಲ, ಜಾಹೀರಾತು ಇಲ್ಲ, ಸಿಗ್ನಲ್ ಆ ಕಣಿವೆ ಬಿಟ್ಟು ಆಚೆ ಹೋಗೋ ಮಾತೇ ಇಲ್ಲ. ‘ಬಹುಶಃ ಅಮೆರಿಕದ ಅತಿ ಚಿಕ್ಕ ಟಿವಿ ಸ್ಟೇಷನ್’ ಅಂತ ಅವ್ರೇ ತಮ್ಮನ್ನ ಕರ್ಕೊಳ್ತಿದ್ರು. ಲೋ ಪವರ್ ಟಿವಿ, ಅಂದ್ರೆ ಕಡಿಮೆ ಶಕ್ತಿಯ ಸಿಗ್ನಲ್‌ನಲ್ಲಿ ಸುತ್ತಮುತ್ತಲ ಜಾಗಕ್ಕಷ್ಟೇ ಪ್ರಸಾರ ಮಾಡೋ ಟಿವಿ, ಅದರ ಬಗ್ಗೆ ಏನೇ ಓದೋಕೆ ಕೂತ್ರೂ ನಾನು ಕೊನೆಗೆ ಬಂದು ನಿಲ್ಲೋದು ಈ ಸ್ಟೇಷನ್ ಹತ್ರಾನೇ, ಅದಕ್ಕೇ ಇವತ್ತು ಬರೀತಿದೀನಿ.

ನಡೆಸ್ತಿದ್ದವ್ರು ವಿಡಿಯೋಫ್ರೀಕ್ಸ್ ಅನ್ನೋ ಗುಂಪು. 1969ರಲ್ಲಿ ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಪ್ಯಾರಿ ಟೀಸ್‌ಡೇಲ್, ಡೇವಿಡ್ ಕೋರ್ಟ್ ಇಬ್ರೂ ಕ್ಯಾಮೆರಾ ಹಿಡ್ಕೊಂಡು ಓಡಾಡ್ತಾ ಪರಿಚಯ ಆದ್ರು, ಮೇರಿ ಕರ್ಟಿಸ್ ರಾಟ್‌ಕ್ಲಿಫ್ ಜೊತೆಗೂಡಿದ್ರು, ಆಮೇಲೆ ಗುಂಪು ಬೆಳೀತು. ಆಗಷ್ಟೇ ಸೋನಿ ಕಂಪನಿ ಹೆಗಲಿಗೆ ಹಾಕ್ಕೊಂಡು ಹೋಗೋ ಪೋರ್ಟಾಪ್ಯಾಕ್ ಅನ್ನೋ ವಿಡಿಯೋ ಕ್ಯಾಮೆರಾ ಬಿಟ್ಟಿತ್ತು, ಕಪ್ಪು ಬಿಳುಪು ಚಿತ್ರ ಅಷ್ಟೇ, ಆದ್ರೆ ಮೊದಲ ಸಲ ಸ್ಟುಡಿಯೋದವ್ರಲ್ಲದ ಜನರ ಕೈಗೆ ವಿಡಿಯೋ ಬಂತು. ಸಿಬಿಎಸ್ ಅನ್ನೋ ದೊಡ್ಡ ಟಿವಿ ನೆಟ್‌ವರ್ಕ್ ಇವ್ರಿಗೆ ದುಡ್ಡು ಕೊಟ್ಟು ಒಂದು ಪ್ರಾಯೋಗಿಕ ಕಾರ್ಯಕ್ರಮ ಮಾಡಿಸ್ತು, ಕಪ್ಪು ಜನರ ಹಕ್ಕಿಗಾಗಿ ಹೋರಾಡ್ತಿದ್ದ ಫ್ರೆಡ್ ಹ್ಯಾಂಪ್ಟನ್‌ನ ಸಂದರ್ಶನಾನೂ ಇವ್ರು ಮಾಡಿದ್ರು, ಅದಾಗಿ ಸ್ವಲ್ಪ ದಿನಕ್ಕೇ ಆತ ಪೊಲೀಸರ ಗುಂಡಿಗೆ ಬಲಿಯಾದ. ಡಿಸೆಂಬರ್‌ನಲ್ಲಿ ಕಾರ್ಯಕ್ರಮ ನೋಡಿದ ಸಿಬಿಎಸ್ ಅಧಿಕಾರಿಗಳು ಬೇಡ ಅಂದ್ಬಿಟ್ರು. 1971ರಲ್ಲಿ ಇಡೀ ಗುಂಪು ನ್ಯೂಯಾರ್ಕ್ ನಗರ ಬಿಟ್ಟು ಲೇನ್ಸ್‌ವಿಲ್‌ನ ಮೇಪಲ್ ಟ್ರೀ ಫಾರ್ಮ್ ಅನ್ನೋ ಹಳೇ ದೊಡ್ಡ ಮನೆಗೆ ಬಂದು ಸೇರ್ಕೊಳ್ತು.

ಟ್ರಾನ್ಸ್‌ಮಿಟರ್ ಬಂದಿದ್ದು ಆಬಿ ಹಾಫ್‌ಮನ್ ಅನ್ನೋ ಕ್ರಾಂತಿಕಾರಿ ಹೋರಾಟಗಾರ ಕೊಟ್ಟ ದುಡ್ಡಿಂದ. ಆತ ತನ್ನ ಪುಸ್ತಕಕ್ಕೆ ಅಂತ ಲೈಸೆನ್ಸ್ ಇಲ್ದೆ ಪ್ರಸಾರ ಮಾಡೋದು ಹೇಗೆ ಅಂತ ಇವ್ರನ್ನ ಕೇಳಿದ್ದ. ಆದ್ರೆ ಆ ಟ್ರಾನ್ಸ್‌ಮಿಟರ್‌ನಿಂದ ಕ್ರಾಂತಿಯ ಭಾಷಣಗಳು ಹೊರಡ್ಲಿಲ್ಲ, ಹೊರಟಿದ್ದು ಪಕ್ಕದ ಮನೆಯವ್ರ ಮುಖಗಳು! ಊರಿನವ್ರ ಮಾತು, ಸ್ಥಳೀಯ ಸುದ್ದಿ, ಮಕ್ಕಳಿಗೆ ಅಂತ ಬಾರ್ಟ್ ಫ್ರೀಡ್‌ಮನ್ ಕೌಬಾಯ್ ಆಗಿ ಬರೋ ಕಾರ್ಯಕ್ರಮ, ಹೀಗೆ. ಬೆಟ್ಟ ಅಡ್ಡ ಇದ್ದಿದ್ರಿಂದ ಆ ಕಣಿವೇಲಿ ಬೇರೆ ಚಾನೆಲ್‌ಗಳೇ ಸರಿಯಾಗಿ ಬರ್ತಿರ್ಲಿಲ್ಲ, ಹಾಗಾಗಿ ಜನ ನೋಡಿದ್ರು.

ನಂಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಫೋನು. ಪ್ರಸಾರ ನಡೀತಿರುವಾಗ್ಲೇ ಫೋನ್ ನಂಬರ್ ಹೇಳೋರು, ಊರಿನವ್ರು ಫೋನ್ ಮಾಡಿ ಚಿತ್ರ ಸರಿ ಬರ್ತಿದ್ಯಾ ಇಲ್ವಾ ಅಂತ ಹೇಳೋರು, ಹಾಗೇ ಮಾತು ಮುಂದುವರಿಯೋದು, ಆ ಮಾತೂ ಪ್ರಸಾರ ಆಗೋದು. ನೋಡುವವ್ರೇ ಸ್ಟೇಷನ್ನಿನ ಎಂಜಿನಿಯರ್, ಅವ್ರೇ ವಿಮರ್ಶಕರು, ಮುಂದಿನ ವಾರ ಅವ್ರೇ ಪರದೆ ಮೇಲೆ. ದೊಡ್ಡ ನೆಟ್‌ವರ್ಕಿಗೆ ಎಷ್ಟು ದುಡ್ಡಿದ್ರೂ ಇದು ಸಾಧ್ಯ ಇರ್ಲಿಲ್ಲ, ಯಾಕಂದ್ರೆ ನೋಡೋರು ಯಾರು ಅಂತಾನೇ ಅವ್ರಿಗೆ ಗೊತ್ತಿರಲ್ವಲ್ಲ. ಹೀಗೆ 1977ರವರೆಗೆ 250ಕ್ಕೂ ಹೆಚ್ಚು ಪ್ರಸಾರ ಆದ್ವು. ಎಫ್‌ಸಿಸಿ, ಅಂದ್ರೆ ಅಲ್ಲಿನ ಪ್ರಸಾರ ನಿಯಂತ್ರಣ ಸಂಸ್ಥೆ, ಬಂದು ಬಾಗಿಲು ಹಾಕಿಸ್ಲೇ ಇಲ್ಲ.

ಇದಕ್ಕಿಂತ ದೊಡ್ಡ ಆಶ್ಚರ್ಯ ಅಂದ್ರೆ ಅದೇ ಪ್ಯಾರಿ ಟೀಸ್‌ಡೇಲ್ ಮುಂದೆ ಎಫ್‌ಸಿಸಿಗೇ ಸಲಹೆಗಾರರಾಗಿ ಲೋ ಪವರ್ ಟಿವಿ ನಿಯಮಗಳ ಕೆಲಸ ಮಾಡಿದ್ದು. ಅಲ್ಲೀವರೆಗೆ ಕಾನೂನಲ್ಲಿ ಇದ್ದಿದ್ದು ಟ್ರಾನ್ಸ್‌ಲೇಟರ್‌ಗಳು ಮಾತ್ರ, 1956ರಿಂದ, ದೂರದ ಸ್ಟೇಷನ್ ಸಿಗ್ನಲ್ ಹಿಡಿದು ಬೇರೆ ಚಾನೆಲ್‌ನಲ್ಲಿ ಮತ್ತೆ ಬಿಡೋವಂಥವು, ಸ್ವಂತ ಕಾರ್ಯಕ್ರಮ ಮಾಡೋ ಹಾಗಿರ್ಲಿಲ್ಲ. 1982ರಲ್ಲಿ ಆ ಅನುಮತಿ ಸಿಕ್ತು.

ಸಿಕ್ಕಿದ್ದು ಅರ್ಧ ಮರ್ಯಾದೆ ಮಾತ್ರ. ಲೋ ಪವರ್ ಸ್ಟೇಷನ್‌ಗಳು ಇವತ್ತಿಗೂ ಎರಡನೇ ದರ್ಜೆ, ದೊಡ್ಡ ಸ್ಟೇಷನ್‌ಗೆ ಆ ಚಾನೆಲ್ ಬೇಕು ಅಂದ್ರೆ ಚಿಕ್ಕವ್ರು ಜಾಗ ಬಿಡ್ಬೇಕು. 1999ರ ಕಾನೂನು ಸ್ವಲ್ಪ ರಕ್ಷಣೆ ಕೊಡ್ತು, ದಿನಕ್ಕೆ 18 ಗಂಟೆ ಪ್ರಸಾರ, ವಾರಕ್ಕೆ 3 ಗಂಟೆ ಸ್ಥಳೀಯ ಕಾರ್ಯಕ್ರಮ ಮಾಡೋವ್ರಿಗೆ ಕ್ಲಾಸ್ ಎ ದರ್ಜೆ ಅಂತ. ಆದ್ರೆ 2017ರಲ್ಲಿ ಮುಗಿದ ತರಂಗಾಂತರ ಹರಾಜಲ್ಲಿ 38ರಿಂದ 51ರವರೆಗಿನ ಚಾನೆಲ್‌ಗಳು ಮೊಬೈಲ್ ಬಳಕೆಗೆ ಹೋದಾಗ, ಕ್ಲಾಸ್ ಎ ಅಲ್ಲದ ಚಿಕ್ಕ ಸ್ಟೇಷನ್‌ಗಳಿಗೆ ಹರಾಜಿನ ದುಡ್ಡಲ್ಲಿ ಪಾಲೂ ಇಲ್ಲ, ಜಾಗದ ಖಾತ್ರಿಯೂ ಇಲ್ಲ. ಜಾಗ ಬದಲಾಯಿಸೋ ಖರ್ಚಿಗೆ ನೆರವು ಕೊಡೋ ಕಾನೂನು ಬಂದಿದ್ದೇ 2018ರಲ್ಲಿ. ಇದು ಅನ್ಯಾಯ ಅಂತಾನೇ ನನ್ನ ಅಭಿಪ್ರಾಯ, ಊರಿನ ಸುದ್ದಿ ಊರಿನವ್ರೇ ಹೇಳೋ ಜಾಗಕ್ಕೆ ಕೊನೇ ಸಾಲಲ್ಲಿ ಕುರ್ಚಿ ಹಾಕಿದ್ದು.

ವಿಡಿಯೋಫ್ರೀಕ್ಸ್ ಟೇಪ್‌ಗಳು ಈಗ ಶಿಕಾಗೋದ ವಿಡಿಯೋ ಡೇಟಾ ಬ್ಯಾಂಕ್‌ನಲ್ಲಿವೆ. ಎಲ್ರೂ ಹುಡ್ಕೋದು ಹಾಫ್‌ಮನ್, ಹ್ಯಾಂಪ್ಟನ್ ಇರೋವನ್ನ. ಅವು ಇರ್ಲಿ, ಆದ್ರೆ ನೀವು ನೋಡೋದಾದ್ರೆ ಲೇನ್ಸ್‌ವಿಲ್‌ನವ್ರು ಇರೋ ಟೇಪ್‌ಗಳಿಂದ ಶುರು ಮಾಡಿ.