ಪುಡಿಗಿಂತ ಮೊದಲು ನೀರನ್ನು ಅಳೆಯಿರಿ

ಮಗುವಿಗೆ ಭೇದಿ ಶುರುವಾದರೆ ಮೆಡಿಕಲ್ ಶಾಪಿಗೆ ಹೋಗಿ "ಓಆರ್‌ಎಸ್ ಕೊಡಿ" ಎನ್ನುತ್ತೇವೆ. ಕೈಗೆ ಪುಡಿಯ ಪೊಟ್ಟಣ ಬರಬಹುದು, ಸೇಬು ಕಿತ್ತಳೆ ಚಿತ್ರವಿದ್ದು ಸ್ಟ್ರಾ ಚುಚ್ಚಿ ಕುಡಿಯುವ ಪ್ಯಾಕೂ ಬರಬಹುದು. ರುಚಿಯಾಗಿದೆ, ಮಗು ಹಟ ಮಾಡದೆ ಕುಡಿಯುತ್ತದೆ ಎಂದು ಅನೇಕರು ಪ್ಯಾಕನ್ನೇ ಕೇಳಿ ಪಡೆಯುತ್ತಾರೆ. ಕೊಳ್ಳುವ ಮೊದಲು ಅದರ ಹಿಂಬದಿ ತಿರುಗಿಸಿ ನೋಡಿ.

ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಓಆರ್‌ಎಸ್‌ನಲ್ಲಿ ಒಂದು ಲೀಟರ್ ನೀರಿಗೆ ಗ್ಲೂಕೋಸ್ 13.5 ಗ್ರಾಂ, ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್ 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತವೆ. ಒಟ್ಟು 20.5 ಗ್ರಾಂ. ಈಗ ಸಿಹಿಯ ಲೆಕ್ಕ ಮಾಡಿ: 100 ಮಿ.ಲೀ.ಗೆ 1.35 ಗ್ರಾಂ. ಸಾಮಾನ್ಯ ಕೋಲಾದಲ್ಲಿ ಅಷ್ಟೇ ಅಳತೆಗೆ 10 ಗ್ರಾಂಗಿಂತ ಹೆಚ್ಚು ಸಕ್ಕರೆ ಇರುತ್ತದೆ. ಪ್ಯಾಕಿನ ಮೇಲೆ 'ಟೋಟಲ್ ಶುಗರ್' ಎಂಬ ಸಾಲಿನಲ್ಲಿ ಏಳು, ಎಂಟು, ಹತ್ತು ಎಂದಿದ್ದರೆ ಅದು ಜ್ಯೂಸು. ಹೆಸರು ಏನೇ ಇರಲಿ, ಭೇದಿಗೆ ಕೊಡಬೇಡಿ. ಇದೇ ಸೂತ್ರದಲ್ಲಿ ತಯಾರಾದ, ಕುಡಿಯಲು ಸಿದ್ಧವಾದ ಓಆರ್‌ಎಸ್ ಕೂಡ ಸಿಗುತ್ತದೆ. ಹಾಗಾಗಿ ಡಬ್ಬಿಯ ಆಕಾರ ನೋಡಿ ನಿರ್ಧರಿಸದೆ ಅಂಕಿ ಓದಿ.

ಸೂತ್ರಕ್ಕೆ ಹೊಂದದ ಪಾನೀಯಗಳ ಹೆಸರಿನಲ್ಲಿ 'ಓಆರ್‌ಎಸ್' ಎಂಬ ಪದ ಇರಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಇದಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

ಸಕ್ಕರೆ ಜಾಸ್ತಿಯಾದರೆ ಏನು ಕೆಡುತ್ತದೆ? ಸಣ್ಣ ಕರುಳಿನ ಗೋಡೆಯಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ಬಂದಾಗ ತೆರೆಯುವ ಬಾಗಿಲುಗಳಿವೆ. ಅವೆರಡೂ ಒಳಹೋದಾಗ ಹಿಂದೆಯೇ ನೀರೂ ಹೋಗುತ್ತದೆ. ಕಾಲರಾದಂಥ ಕಾಯಿಲೆಯಲ್ಲೂ ಈ ದಾರಿ ಮುಚ್ಚುವುದಿಲ್ಲ. ಆದರೆ ಒಳಹೋಗಲಾರದೆ ಉಳಿದ ಸಕ್ಕರೆ ಕರುಳಿನಲ್ಲೇ ನಿಂತು ಮೈಯ ನೀರನ್ನು ತನ್ನ ಕಡೆ ಎಳೆಯುತ್ತದೆ, ಭೇದಿ ಹೆಚ್ಚುತ್ತದೆ. 1971ರಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿದ್ದ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿ, ಸಲೈನ್ ಬಾಟಲಿಗಳು ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಲನಬೀಸ್ ಅವರ ತಂಡ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನೇ ಕುಡಿಸಿತು. ಅಲ್ಲಿ ಸುಮಾರು ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 4ಕ್ಕಿಂತ ಕೆಳಗಿಳಿಯಿತು. ಅಳತೆ ಸರಿಯಿದ್ದ ಉಪ್ಪು ಸಿಹಿ ನೀರು ಮಾಡಿದ ಕೆಲಸ ಅದು.

ಮನೆಯಲ್ಲಿ ಆಗುವ ತಪ್ಪೂ ಈ ಅಳತೆಯದ್ದೇ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದರೆ ಉಪ್ಪು ಐದು ಪಟ್ಟಾಗುತ್ತದೆ. ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಫಿಟ್ಸ್ ಬರುವ ಅಪಾಯವಿದೆ. ಅರ್ಧ ಪುಡಿ ಇವತ್ತು, ಅರ್ಧ ನಾಳೆ ಎಂದು ಕಣ್ಣಳತೆಯಲ್ಲಿ ಹಂಚುವುದೂ ಬೇಡ, ಪುಡಿಯಲ್ಲಿ ಉಪ್ಪು ಸಿಹಿ ಸಮನಾಗಿ ಬೆರೆತಿರುವುದಿಲ್ಲ. ಸ್ವಲ್ಪವೇ ಸಾಕಾದರೆ 200 ಮಿ.ಲೀ.ಗೆಂದೇ ಮಾಡಿದ ಚಿಕ್ಕ ಪೊಟ್ಟಣ ಸಿಗುತ್ತದೆ. ಯಾವುದಕ್ಕೆ ಎಷ್ಟು ನೀರು ಎಂಬುದು ಪೊಟ್ಟಣದ ಮೇಲೇ ಇರುತ್ತದೆ.

ಮನೆಯ ಲೋಟಗಳನ್ನು ನಂಬಬೇಡಿ, ಒಂದೊಂದೂ ಒಂದೊಂದು ಅಳತೆಯವು. ಒಂದು ಲೀಟರಿನ ನೀರಿನ ಬಾಟಲಿಯೇ ಒಳ್ಳೆಯ ಮಾಪು. ಕಾಯಿಸಿ ಆರಿಸಿದ ನೀರನ್ನು ಅದರಲ್ಲಿ ತುಂಬಿ, ಶುದ್ಧ ಪಾತ್ರೆಗೆ ಸುರಿದುಕೊಂಡು, ಆಮೇಲೆ ಪೂರ್ತಿ ಪುಡಿ ಹಾಕಿ ಕದಡಿ. ಕೈ ಸೋಪಿನಲ್ಲಿ ತೊಳೆದಿರಬೇಕು. ಬೆರೆಸಿದ ಮೇಲೆ ಕಾಯಿಸಬಾರದು. ಹಾಲು, ಸೋಡಾ, ಜ್ಯೂಸು, ಇನ್ನಷ್ಟು ಸಕ್ಕರೆ ಏನನ್ನೂ ಸೇರಿಸಬಾರದು. ಮುಚ್ಚಿಡಿ, 24 ಗಂಟೆ ದಾಟಿದ್ದನ್ನು ಚೆಲ್ಲಿ ಹೊಸದು ಮಾಡಿ.

ರಾತ್ರಿ ಹೊತ್ತು ಪೊಟ್ಟಣವೇ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಸಕ್ಕರೆ ಆರು, ಪುಡಿ ಉಪ್ಪು ಅರ್ಧ. ಚಮಚ ತಲೆಮಟ್ಟವಾಗಿರಬೇಕು, ಗೋಪುರವಾಗಬಾರದು. ಕಲ್ಲುಪ್ಪಿಗೆ ಈ ಅಳತೆ ಹೊಂದುವುದಿಲ್ಲ, ಹರಳುಗಳ ನಡುವೆ ಜಾಗ ಇರುತ್ತದೆ. ಮೊದಲು ನೀವೇ ಒಂದು ಚಮಚ ಕುಡಿದು ನೋಡಿ: ಕಣ್ಣೀರಿಗಿಂತ ಉಪ್ಪೆನಿಸಿದರೆ ಚೆಲ್ಲಿ ಮತ್ತೆ ಮಾಡಿ. ಇದರಲ್ಲಿ ಪೊಟ್ಯಾಸಿಯಂ ಇರುವುದಿಲ್ಲ, ಆದ್ದರಿಂದ ಬೆಳಗಾದ ಕೂಡಲೇ ಪೊಟ್ಟಣ ತನ್ನಿ. ಆಶಾ ಕಾರ್ಯಕರ್ತೆಯರ ಬಳಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಕೊಡುತ್ತಾರೆ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200 ಮಿ.ಲೀ. ಬಾಟಲಿ ನಿಪ್ಪಲ್ ಬೇಡ, ಚಮಚ ಅಥವಾ ಒಳಲೆಯಲ್ಲಿ ಕುಡಿಸಿ. ವಾಂತಿ ಮಾಡಿತೆಂದು ನಿಲ್ಲಿಸಬೇಡಿ. ಹತ್ತು ನಿಮಿಷ ಬಿಟ್ಟು, ಎರಡು ಮೂರು ನಿಮಿಷಕ್ಕೊಂದು ಚಮಚದಂತೆ ನಿಧಾನ ಕೊಡಿ. ಗಟಗಟ ಕುಡಿಸಿದ್ದೇ ಎಷ್ಟೋ ಸಲ ವಾಂತಿಗೆ ಕಾರಣ. ಎದೆಹಾಲು ನಿಲ್ಲಿಸಲೇಬಾರದು. ಊಟ ಮಾಡುವ ಮಗುವಿಗೆ ಗಂಜಿ, ಮೊಸರನ್ನ, ಬೇಳೆ ಕಟ್ಟು ನಡೆಯಲಿ, ಹೊಟ್ಟೆ ಖಾಲಿ ಬಿಟ್ಟರೆ ಭೇದಿ ಬೇಗ ನಿಲ್ಲುತ್ತದೆ ಎಂಬುದು ಸುಳ್ಳು. ಜೊತೆಗೆ ಜಿಂಕ್ ಮಾತ್ರೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ, ಎರಡರಿಂದ ಆರು ತಿಂಗಳವರಿಗೆ 10 ಮಿ.ಗ್ರಾಂ, 14 ದಿನ. ಮೂರನೇ ದಿನಕ್ಕೆ ಭೇದಿ ನಿಂತರೂ ಮಾತ್ರೆ ಮುಗಿಸಿ.

ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಜೋರು ಭೇದಿಯಲ್ಲಿ ಓಆರ್‌ಎಸ್‌ನ ಜಾಗ ಅದು ತುಂಬುವುದಿಲ್ಲ. ಉಪ್ಪು ಹಾಕಿದ ನೀರುಮಜ್ಜಿಗೆ, ಅಕ್ಕಿ ಗಂಜಿ ಜೊತೆಯಲ್ಲಿರಲಿ.

ಬಿಸಿಲಿಗೆಂದು ದಿನವೂ ಓಆರ್‌ಎಸ್ ಕುಡಿಯುವವರೂ ಇದ್ದಾರೆ. ಒಂದು ಲೀಟರಿನಲ್ಲಿ ಸುಮಾರು 1.7 ಗ್ರಾಂ ಸೋಡಿಯಂ ಇದೆ. ದೊಡ್ಡವರಿಗೆ ದಿನಕ್ಕೆ 2 ಗ್ರಾಂ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬಿಪಿ, ಕಿಡ್ನಿ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಈ ಅಭ್ಯಾಸ ಮಾಡಿಕೊಳ್ಳಬಾರದು. ಆಫೀಸಿನಲ್ಲಿ ಕುಳಿತು ಕೆಲಸ ಮಾಡುವವರ ಬಾಯಾರಿಕೆಗೆ ನೀರೇ ಸಾಕು.

ಮಗು ಮಂಕಾಗಿ ಕುಡಿಯಲಾರದೆ ಹೋದರೆ, ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಮರಳಿದರೆ, ಆರು ಗಂಟೆ ಮೂತ್ರ ಆಗದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ, ಮಗು ನುಂಗುವಷ್ಟು ಎಚ್ಚರವಾಗಿದ್ದರೆ, ಚಮಚ ಚಮಚವಾಗಿ ಕುಡಿಸುತ್ತಲೇ ಹೋಗಿ.