ಕಾಲಿನ ಊತಕ್ಕೆ ಪುನರ್ನವ ಸಾಕೇ?

'ಮೈಯಲ್ಲಿ ನೀರು ತುಂಬಿಕೊಂಡಿದೆ' ಎಂಬ ಮಾತು ನಮ್ಮ ಮನೆಗಳಲ್ಲಿ ಬಹಳ ಸಲೀಸಾಗಿ ಬಂದುಬಿಡುತ್ತದೆ. ಸಂಜೆಯ ಹೊತ್ತಿಗೆ ಚಪ್ಪಲಿ ಬಿಗಿಯಾದರೂ, ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಉಬ್ಬಿದ್ದರೂ, ಕಾಲುಂಗುರ ಕಳಚಲು ಬಾರದಿದ್ದರೂ ಅದೇ ಮಾತು. ಅದರ ಬೆನ್ನಿಗೇ ಕೊತ್ತಂಬರಿ ಬೀಜದ ಕಷಾಯ, ಬಾಳೆದಿಂಡಿನ ರಸ, ನೆಗ್ಗಿಲು ಮುಳ್ಳಿನ ಚೂರ್ಣ, ಪುನರ್ನವ ಮಾತ್ರೆ ಎಂದು ಸಲಹೆಗಳು ಸಾಲುಗಟ್ಟುತ್ತವೆ. ಗ್ರಂಥಿಗೆ ಅಂಗಡಿಯಲ್ಲಿ ಪೊಟ್ಟಣ ಕಟ್ಟಿಸಿಕೊಂಡು ಬರುತ್ತಿದ್ದ ಈ ಮೂಲಿಕೆಗಳೇ ಈಗ ಅಂದವಾದ ಡಬ್ಬಿಗಳಲ್ಲಿ ಸಪ್ಲಿಮೆಂಟ್ ಎಂಬ ಹೆಸರಿನಲ್ಲಿ ಮನೆ ಬಾಗಿಲಿಗೆ ಬರುತ್ತಿವೆ. ಇವುಗಳಲ್ಲಿ ಕೆಲವಕ್ಕೆ ಮೂತ್ರವನ್ನು ಹೆಚ್ಚಿಸುವ ಗುಣ ಇರುವುದು ನಿಜ. ಆದರೆ ನೀರು ಏಕೆ ನಿಂತಿದೆ ಎಂದು ತಿಳಿಯದೆ ಅದನ್ನು ಇಳಿಸುವ ಮೂಲಿಕೆಯನ್ನು ಹುಡುಕುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ವಿಷಯವನ್ನು ನಾನು ಗಂಭೀರವಾಗಿ ಓದತೊಡಗಿದ್ದು ನಮ್ಮ ಚಿಕ್ಕಮ್ಮನ ಕಾಲುಗಳು ಬಾತುಕೊಂಡಾಗ. 'ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಬಂತೋ ಕಾಣೆ ಕಣಪ್ಪ' ಎಂದು ಅವರು ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿ ತೋರಿಸಿದಾಗ ಎರಡೂ ಪಾದಗಳ ಮೇಲೆ ಚಪ್ಪಲಿಯ ಪಟ್ಟಿ ಬರೆ ಎಳೆದಂತೆ ಮೂಡಿತ್ತು. ಪರಿಚಿತರೊಬ್ಬರ ಮಾತಿನಂತೆ ಅವರು ಪುನರ್ನವದ ಮಾತ್ರೆಗಳನ್ನು ನುಂಗುತ್ತಿದ್ದರು. ಊತ ಮಾತ್ರ ಇಳಿದಿರಲಿಲ್ಲ. ನಾವು ಕಂಡ ವೈದ್ಯರು ಹೃದಯ, ಮೂತ್ರಪಿಂಡ, ಥೈರಾಯ್ಡ್ ಪರೀಕ್ಷೆಗಳಿಗೆ ಬರೆದುಕೊಟ್ಟ ಮೇಲೆ, ಮನೆಯಲ್ಲಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಬರಲು ಹೇಳಿದರು. ಪರೀಕ್ಷೆಗಳಲ್ಲಿ ದೋಷವೇನೂ ಕಾಣಲಿಲ್ಲ, ಕಾರಣ ಚೀಲದೊಳಗೇ ಇತ್ತು. ಕೆಲವು ತಿಂಗಳ ಹಿಂದೆ ಬಿಪಿಗೆಂದು ಕೊಡುತ್ತಿದ್ದ ಆಮ್ಲೋಡಿಪಿನ್‌ನ ಪ್ರಮಾಣವನ್ನು 5 ಮಿಲಿಗ್ರಾಂನಿಂದ 10ಕ್ಕೆ ಏರಿಸಲಾಗಿತ್ತು.

ಆಮ್ಲೋಡಿಪಿನ್ ಒಳ್ಳೆಯ ಔಷಧ. ನಮ್ಮ ದೇಶದಲ್ಲಿ ರಕ್ತದೊತ್ತಡಕ್ಕೆ ಅತಿ ಹೆಚ್ಚು ಬಳಕೆಯಲ್ಲಿರುವ ಮಾತ್ರೆಗಳಲ್ಲಿ ಒಂದು. ಪಾದದ ಊತ ಅದರ ಪ್ರಸಿದ್ಧ ಅಡ್ಡಪರಿಣಾಮ. 10 ಮಿಲಿಗ್ರಾಂ ತೆಗೆದುಕೊಳ್ಳುವವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಅದು ಕಾಣಿಸಿಕೊಳ್ಳುತ್ತದೆ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಈ ಊತದಲ್ಲಿ ದೇಹವು ಉಪ್ಪನ್ನೂ ನೀರನ್ನೂ ಹೆಚ್ಚಾಗಿ ಹಿಡಿದಿಟ್ಟುಕೊಂಡಿರುವುದಿಲ್ಲ. ಔಷಧವು ಸಣ್ಣ ಅಪಧಮನಿಗಳನ್ನು ಸಡಿಲಗೊಳಿಸುತ್ತದೆ, ರಕ್ತವನ್ನು ಹಿಂದಕ್ಕೆ ಒಯ್ಯುವ ಅಭಿಧಮನಿಗಳು ಅಷ್ಟೇ ಪ್ರಮಾಣದಲ್ಲಿ ಸಡಿಲವಾಗುವುದಿಲ್ಲ. ಹೀಗಾಗಿ ನಡುವಿನ ಸೂಕ್ಷ್ಮ ರಕ್ತನಾಳಗಳಲ್ಲಿ ಒತ್ತಡ ಏರಿ, ನೀರಿನಂಶ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ. ಮೂತ್ರವನ್ನು ಹೆಚ್ಚಿಸುವ ಲಸಿಕ್ಸ್‌ನಂತಹ ಪ್ರಬಲ ಔಷಧಕ್ಕೂ ಈ ಬಗೆಯ ಊತ ಅಷ್ಟಾಗಿ ಬಗ್ಗುವುದಿಲ್ಲ ಎಂದಮೇಲೆ ಪುನರ್ನವ ಏನು ಮಾಡಬಲ್ಲದು? ವೈದ್ಯರು ಆ ಪ್ರಮಾಣವನ್ನು ಇಳಿಸಿ ಜೊತೆಗೆ ಇನ್ನೊಂದು ಬಗೆಯ ಬಿಪಿ ಮಾತ್ರೆಯನ್ನು ಸೇರಿಸಿದರು. ಮುಂದಿನ ವಾರಗಳಲ್ಲಿ ಊತ ಇಳಿಯಿತು. ಓದುವವರು ಯಾರೂ ಬಿಪಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು ಎಂದು ಇಲ್ಲಿಯೇ ಹೇಳಿಬಿಡುತ್ತೇನೆ, ಏಕೆಂದರೆ ಪಾರ್ಶ್ವವಾಯುವಿನ ಮುಂದೆ ಕಾಲಿನ ಊತ ಏನೇನೂ ಅಲ್ಲ.

ಊತ ತರುವ ಮಾತ್ರೆಗಳು ಇನ್ನೂ ಇವೆ. ಮಂಡಿನೋವಿಗೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೂತ್ರಪಿಂಡಗಳು ಉಪ್ಪನ್ನು ಹೊರಹಾಕುವುದಕ್ಕೆ ತಡೆಯೊಡ್ಡುತ್ತವೆ. ಪ್ರೆಡ್ನಿಸೊಲೋನ್‌ನಂತಹ ಸ್ಟೀರಾಯ್ಡ್‌ಗಳೂ ಮಧುಮೇಹಕ್ಕೆ ಕೊಡುವ ಪಯೋಗ್ಲಿಟಜೋನ್ ಕೂಡ ಇದೇ ಸಾಲಿಗೆ ಸೇರುತ್ತವೆ. ಮಾತ್ರೆಗಳನ್ನು ಬಿಟ್ಟರೆ ಕಾರಣಗಳ ಹರವು ದೊಡ್ಡದು. ಹೃದಯದ ಶಕ್ತಿ ಕುಂದಿದಾಗ ರಕ್ತ ಹಿಂದೊತ್ತಿ ಕಾಲಿನಲ್ಲಿ ನೀರು ನಿಲ್ಲುತ್ತದೆ. ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಸೋರಿಹೋಗುವಾಗ ಮುಖ ಮತ್ತು ಕಣ್ಣಿನ ಸುತ್ತ ಬೆಳಗಿನ ಹೊತ್ತು ಉಬ್ಬುತ್ತದೆ. ಲಿವರ್ ಗಟ್ಟಿಯಾದಾಗ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕಾಲಿನ ಅಭಿಧಮನಿಗಳ ಕವಾಟಗಳು ಸಡಿಲವಾದವರಿಗೆ, ಮುಖ್ಯವಾಗಿ ನಿಂತೇ ದುಡಿಯುವವರಿಗೆ, ಸಂಜೆಯ ವೇಳೆಗೆ ಪಾದದ ಗಂಟು ಬಾತುಕೊಳ್ಳುತ್ತದೆ. ಕರಾವಳಿಯಲ್ಲೂ ಕಲಬುರಗಿ, ಬೀದರ್ ಕಡೆಯಲ್ಲೂ ಒಂದು ಕಾಲು ಮಾತ್ರ ದಿನದಿಂದ ದಿನಕ್ಕೆ ದಪ್ಪವಾಗುತ್ತಿದ್ದರೆ ಆನೆಕಾಲು ರೋಗವನ್ನೂ ನೆನೆಯಬೇಕು. ಮೊಣಕಾಲ ಕೆಳಗೆ, ಮುಂಭಾಗದ ಎಲುಬಿನ ಮೇಲೆ ಹೆಬ್ಬೆರಳಿನಿಂದ ಕೆಲವು ಸೆಕೆಂಡು ಒತ್ತಿ ಬಿಟ್ಟಾಗ ಅಲ್ಲಿ ಕುಳಿ ಉಳಿದರೆ ನೀರು ನಿಂತಿದೆ ಎಂದು ಸಾಮಾನ್ಯವಾಗಿ ತಿಳಿಯಬಹುದು. ಥೈರಾಯ್ಡ್ ತೀರಾ ಕಡಿಮೆಯಾದವರ ಊತದಲ್ಲಿ ಹೀಗೆ ಕುಳಿ ಬೀಳದೆಯೂ ಇರಬಹುದು.

ಮನೆಯಲ್ಲೇ ಮಾಡಬಹುದಾದ ಉಪಾಯಗಳಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಉಪ್ಪಿನ ಲೆಕ್ಕವನ್ನು. ಆಸ್ಪತ್ರೆಯಲ್ಲಿ ಡ್ರಿಪ್ ಹಾಕುವ ಸಲೈನ್‌ನಲ್ಲಿ ಒಂದು ಲೀಟರ್ ನೀರಿಗೆ 9 ಗ್ರಾಂ ಉಪ್ಪು ಇರುತ್ತದೆ, ಏಕೆಂದರೆ ನಮ್ಮ ರಕ್ತದ ಹದ ಅದಕ್ಕೆ ಹತ್ತಿರ. ಇದನ್ನೇ ತಿರುಗಿಸಿ ನೋಡಿದರೆ, ದೇಹ ಹೊರಹಾಕಲಾರದೆ ಉಳಿಸಿಕೊಂಡ ಪ್ರತಿ 9 ಗ್ರಾಂ ಉಪ್ಪು ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನು ತನ್ನೊಡನೆ ಹಿಡಿದು ಕೂರಿಸುತ್ತದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಒಂದು ಟೀ ಚಮಚಕ್ಕಿಂತ ಕಡಿಮೆ. ಸಾರು, ಪಲ್ಯ, ಮಜ್ಜಿಗೆ ಸೇರಿದರೇ ಆ ಮಿತಿ ಮುಗಿಯುತ್ತದೆ. ಊಟದೆಲೆಯ ತುದಿಯಲ್ಲಿ ಕೂರುವ ಉಪ್ಪಿನಕಾಯಿ, ಚಟ್ನಿಪುಡಿ, ಸಂಡಿಗೆ, ಬಾಳಕದ ಮೆಣಸಿನಕಾಯಿ ಇವೆಲ್ಲ ಅದರಾಚೆಗಿನವು. ಹಪ್ಪಳದಲ್ಲಿ ಉಪ್ಪಿನ ಜೊತೆಗೆ ಸೋಡಾದ ಕ್ಷಾರವೂ ಇದೆ, ಅದೂ ಸೋಡಿಯಮ್ಮೇ. ಬೇಕರಿಯ ಖಾರಾ ಬನ್, ನಿಪ್ಪಟ್ಟು, ಬಿಸ್ಕತ್ತುಗಳ ಮಾತನ್ನು ನಾನು ಎತ್ತಬೇಕಾಗಿಯೇ ಇಲ್ಲ. ಕಷಾಯ ಕುಡಿಯುತ್ತಾ ಎರಡು ಹೊತ್ತೂ ಉಪ್ಪಿನಕಾಯಿ ತಿನ್ನುವವರಿಗೆ ಕಷಾಯದಿಂದ ಹೆಚ್ಚಿನ ಫಲ ಸಿಕ್ಕೀತು ಎಂದು ನನಗೆ ಅನ್ನಿಸುವುದಿಲ್ಲ. ಸೋಡಿಯಂ ಕಡಿಮೆ ಇರುವ ಉಪ್ಪನ್ನು ಕೊಳ್ಳುವ ಮುನ್ನ ಮಾತ್ರ ಒಂದು ಎಚ್ಚರಿಕೆ ಬೇಕು: ಅದರಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುತ್ತದೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಅದು ಅಪಾಯ.

ಈಗ ಪುನರ್ನವದ ಮಾತು. ಮಳೆ ಬಿದ್ದೊಡನೆ ಬೇಲಿಯ ಬುಡದಲ್ಲಿ, ರಸ್ತೆಯ ಅಂಚಿನಲ್ಲಿ ನೆಲಕ್ಕೆ ಅಂಟಿಕೊಂಡು ಹರಡುವ, ಕೆಂಪು ಛಾಯೆಯ ಕಾಂಡಕ್ಕೆ ಪುಟ್ಟ ಗುಲಾಬಿ ಹೂ ಬಿಡುವ ಈ ಗಿಡವನ್ನು ನಮ್ಮಲ್ಲಿ ಕೊಮ್ಮೆ ಗಿಡ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದು ಬೋರ್ಹಾವಿಯಾ ಡಿಫ್ಯೂಸಾ. ಆಯುರ್ವೇದ ಇದನ್ನು ಶೋಥಘ್ನ, ಅಂದರೆ ಬಾವನ್ನು ಹೋಗಲಾಡಿಸುವ ದ್ರವ್ಯ ಎಂದು ಬಹಳ ಹಿಂದಿನಿಂದ ಬಳಸಿದೆ. 1920ರ ದಶಕದಲ್ಲಿ ಕಲ್ಕತ್ತದಲ್ಲಿ ಆರ್. ಎನ್. ಚೋಪ್ರಾ ಮತ್ತು ಅವರ ಸಹೋದ್ಯೋಗಿಗಳು ಇದನ್ನು ಆಧುನಿಕ ಔಷಧಶಾಸ್ತ್ರದ ಕ್ರಮದಲ್ಲಿ ಪರೀಕ್ಷಿಸಿ, ಮೂತ್ರ ಹೆಚ್ಚಿಸುವ ಗುಣವನ್ನು ಗುರುತಿಸಿದ್ದರು. ಗಿಡದಲ್ಲಿ ಪುನರ್ನವೀನ್ ಎಂಬ ಆಲ್ಕಲಾಯ್ಡ್ ಮಾತ್ರವಲ್ಲದೆ ಪೊಟ್ಯಾಸಿಯಂ ಲವಣಗಳೂ ಹೇರಳವಾಗಿವೆ. ಹಿರಿಯರು ಸುಳ್ಳು ಹೇಳಲಿಲ್ಲ, ಗಿಡಕ್ಕೆ ಗುಣವಿದೆ. ಕೊರತೆ ಇರುವುದು ಬೇರೆಡೆ: ಹೃದಯ, ಮೂತ್ರಪಿಂಡ, ಲಿವರ್ ಕಾಯಿಲೆಗಳ ಊತದಲ್ಲಿ ಎಷ್ಟು ಪ್ರಮಾಣ, ಎಷ್ಟು ದಿನ, ಯಾವ ಮಾತ್ರೆಗಳ ಜೊತೆ ಕೊಟ್ಟರೆ ಕ್ಷೇಮ ಎಂದು ಹೇಳಬಲ್ಲ ದೊಡ್ಡ, ಎಚ್ಚರದ ಪ್ರಯೋಗಗಳ ಬೆಂಬಲ ಇದಕ್ಕಿಲ್ಲ.

ಆ ಪೊಟ್ಯಾಸಿಯಂ ಅನ್ನು ಲಘುವಾಗಿ ಕಾಣಬಾರದು. ಊತವಿರುವ ಹಿರಿಯರಲ್ಲಿ ಬಹಳಷ್ಟು ಜನ ಬಿಪಿಗೆ, ಹೃದಯಕ್ಕೆ ಕೊಡುವ ಟೆಲ್ಮಿಸಾರ್ಟಾನ್, ರಾಮಿಪ್ರಿಲ್ ಅಥವಾ ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುತ್ತಿರುತ್ತಾರೆ; ಇವು ರಕ್ತದಲ್ಲಿ ಪೊಟ್ಯಾಸಿಯಂ ಮಟ್ಟವನ್ನು ಏರಿಸಬಲ್ಲವು. ಅದರ ಮೇಲೆ ದಿನವೂ ಎಳನೀರು, ಬಾಳೆದಿಂಡಿನ ರಸ, ಪುನರ್ನವ ಸೇರಿ, ಮೂತ್ರಪಿಂಡವೂ ಸೋತಿದ್ದರೆ, ಹೃದಯದ ಬಡಿತದ ಲಯವೇ ತಪ್ಪುವ ಮಟ್ಟಕ್ಕೆ ಪೊಟ್ಯಾಸಿಯಂ ಏರಬಹುದು. ಇದಕ್ಕೆ ಮೊದಲೇ ಕಾಣುವ ಲಕ್ಷಣಗಳು ಕಡಿಮೆ. ರಕ್ತ ಪರೀಕ್ಷೆಯೊಂದೇ ಹೇಳಬಲ್ಲದು. ಪುನರ್ನವಾಸವವನ್ನು ಕುಡಿಯುವವರು ಆಸವ, ಅರಿಷ್ಟಗಳಲ್ಲಿ ಹುದುಗಿನಿಂದ ತಾನಾಗಿ ಹುಟ್ಟಿದ ಮದ್ಯಸಾರ ಇರುತ್ತದೆ ಎಂಬುದನ್ನು ತಿಳಿದಿರಬೇಕು, ಲಿವರ್ ಕಾಯಿಲೆಯವರಂತೂ ಖಂಡಿತ ತಿಳಿದಿರಬೇಕು. ಬಿಳಿ ಪುನರ್ನವ ಎಂದು ಮಾರಾಟವಾಗುವುದು ಹಲವು ಸಲ ಟ್ರಯಾಂಥೆಮಾ ಎಂಬ ಬೇರೆಯೇ ಗಿಡ. ಒಣಗಿಸಿ ಪುಡಿ ಮಾಡಿದ ಮೇಲೆ ಕೊಳ್ಳುವವರಿಗೆ ಎರಡನ್ನೂ ಬೇರ್ಪಡಿಸುವ ದಾರಿಯಿಲ್ಲ.

ಊತವನ್ನು ಇಳಿಸುವ ಬದಲು ಹೆಚ್ಚಿಸುವ ಮೂಲಿಕೆಯೂ ನಮ್ಮ ಮನೆಗಳಲ್ಲಿದೆ. ಕೆಮ್ಮಿಗೆ, ಗಂಟಲಿಗೆ, ಹೊಟ್ಟೆಯ ಉರಿಗೆ ಬಳಸುವ ಜ್ಯೇಷ್ಠಮಧು ಅಥವಾ ಅತಿಮಧುರದಲ್ಲಿರುವ ಗ್ಲಿಸಿರೈಜಿನ್, ದೇಹ ಉಪ್ಪನ್ನು ಹಿಡಿದಿಟ್ಟುಕೊಳ್ಳುವಂತೆಯೂ ಪೊಟ್ಯಾಸಿಯಂ ಕಳೆದುಕೊಳ್ಳುವಂತೆಯೂ ಮಾಡುತ್ತದೆ. 1940ರ ದಶಕದಲ್ಲಿ ನೆದರ್ಲೆಂಡ್ಸ್‌ನ ವೈದ್ಯ ರೆವರ್ಸ್ ಹೊಟ್ಟೆಹುಣ್ಣಿನ ರೋಗಿಗಳಿಗೆ ಅತಿಮಧುರದ ಸಾರವನ್ನು ಕೊಟ್ಟಾಗ ಹುಣ್ಣು ಸುಧಾರಿಸಿದರೂ ಕೆಲವರ ಮುಖ, ಕೈಕಾಲುಗಳು ಊದಿಕೊಂಡಿದ್ದನ್ನು ದಾಖಲಿಸಿದ್ದರು. ಅಪರೂಪಕ್ಕೊಮ್ಮೆ ಗಂಟಲಿಗೆ ಒಂದು ಚೂರು ಜಗಿದರೆ ಹೆದರಬೇಕಾಗಿಲ್ಲ. ವಾರಗಟ್ಟಲೆ ದಿನವೂ ಕಷಾಯ ಕುಡಿಯುವ ಬಿಪಿ ರೋಗಿಗಳ ಮಾತು ಬೇರೆ.

ಗಿಡಮೂಲಿಕೆಯಿಂದ ಊತ ಇಳಿದ ಚರಿತ್ರೆಯಲ್ಲಿ ನನ್ನನ್ನು ಬಹಳವಾಗಿ ಆಕರ್ಷಿಸಿದ ಪ್ರಕರಣ ಇಂಗ್ಲೆಂಡಿನದು. 1775ರ ಸುಮಾರಿಗೆ ವಿಲಿಯಂ ವಿದರಿಂಗ್ ಎಂಬ ವೈದ್ಯರ ಕೈಗೆ ಜಲೋದರಕ್ಕೆ, ಅಂದರೆ ಮೈಯಲ್ಲಿ ನೀರು ತುಂಬಿಕೊಳ್ಳುವ ಕಾಯಿಲೆಗೆ, ಕೊಡುತ್ತಿದ್ದ ಒಂದು ನಾಟಿ ಔಷಧದ ವಿವರ ಬಂತು. ಶ್ರಾಪ್‌ಶೈರ್ ಪ್ರಾಂತ್ಯದ ವೃದ್ಧೆಯೊಬ್ಬರು ಗುಟ್ಟಾಗಿ ಇಟ್ಟುಕೊಂಡಿದ್ದ ಆ ಔಷಧದಲ್ಲಿ ಇಪ್ಪತ್ತಕ್ಕೂ ಹೆಚ್ಚು ಮೂಲಿಕೆಗಳಿದ್ದವು. ಅವುಗಳಲ್ಲಿ ನಿಜವಾಗಿ ಕೆಲಸ ಮಾಡುತ್ತಿದ್ದುದು ಫಾಕ್ಸ್‌ಗ್ಲೋವ್ ಎಂದು ಗುರುತಿಸಿದ ವಿದರಿಂಗ್, ಮುಂದಿನ ಹತ್ತು ವರ್ಷ ರೋಗಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು, ಗುಣವಾದವರ ಜೊತೆಗೆ ಗುಣವಾಗದವರ, ವಾಂತಿಯಿಂದ ಬಳಲಿದವರ ವಿವರಗಳನ್ನೂ ಬರೆದಿಟ್ಟು 1785ರಲ್ಲಿ ಪ್ರಕಟಿಸಿದರು. ಇಂದು ಹೃದ್ರೋಗಿಗಳಿಗೆ ಕೊಡುವ ಡಿಗಾಕ್ಸಿನ್ ಅದೇ ಕುಲದ ಗಿಡದಿಂದ ಬಂದದ್ದು. ಅದರಲ್ಲಿ ಔಷಧದ ಪ್ರಮಾಣಕ್ಕೂ ವಿಷದ ಪ್ರಮಾಣಕ್ಕೂ ನಡುವೆ ಅಂತರ ಬಹಳ ಕಡಿಮೆ. ನಮ್ಮ ಕೊಮ್ಮೆ ಗಿಡಕ್ಕೂ ಇಂತಹ ತಾಳ್ಮೆಯ ದಾಖಲೆ ಸಿಗಬೇಕು ಎಂಬುದು ನನ್ನ ಮನಸ್ಸಿನಾಳದ ಆಸೆ.

ಹೊರದೇಶದ ಸಪ್ಲಿಮೆಂಟ್‌ಗಳಲ್ಲಿ ಡ್ಯಾಂಡೆಲಿಯನ್ ಎಲೆಯ ಹೆಸರು ಹೆಚ್ಚು ಕೇಳಿಬರುತ್ತದೆ. ಅದಕ್ಕೆ ಆಧಾರವಾಗಿ ತೋರಿಸುವ, 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇದ್ದವರು 17 ಮಂದಿ ಆರೋಗ್ಯವಂತರು, ನೋಡಿದ್ದು ಒಂದೇ ದಿನದ ಪರಿಣಾಮವನ್ನು. ಊತವಿದ್ದ ರೋಗಿಗಳು ಅದರಲ್ಲಿ ಇರಲಿಲ್ಲ. ಹಾರ್ಸ್ ಚೆಸ್ಟ್‌ನಟ್ ಬೀಜದ ಸಂಸ್ಕರಿಸಿದ ಸಾರದ ಕಥೆ ಸ್ವಲ್ಪ ಭಿನ್ನ: ಅಭಿಧಮನಿಗಳ ದೌರ್ಬಲ್ಯದಿಂದ ಬಂದ ಕಾಲೂತ, ನೋವುಗಳಲ್ಲಿ ಅಲ್ಪಾವಧಿಗೆ ಅದು ನೆರವಾಗುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಸಂಸ್ಥೆಯ ವಿಮರ್ಶೆ ಹೇಳಿದೆ. ಅದೂ ಆ ಒಂದು ಕಾರಣಕ್ಕೆ ಮಾತ್ರ. ಹಸಿ ಬೀಜವಂತೂ ವಿಷ.

ನೈಸರ್ಗಿಕ ಎಂದಮಾತ್ರಕ್ಕೆ ನಿರಪಾಯ ಎಂದು ನಂಬುವವರಿಗೆ ನಾನು ಬ್ರಸೆಲ್ಸ್‌ನ ಘಟನೆಯನ್ನು ಹೇಳುತ್ತೇನೆ. 1990ರ ದಶಕದ ಆರಂಭದಲ್ಲಿ ಅಲ್ಲಿ ತೂಕ ಇಳಿಸಲು ಚೀನೀ ಮೂಲಿಕೆಗಳ ಮಾತ್ರೆ ನುಂಗಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ಕೆಟ್ಟುಹೋದವು. ಒಂದು ಮೂಲಿಕೆಯ ಜಾಗದಲ್ಲಿ ಅರಿಸ್ಟೊಲೋಕಿಯಾ ಎಂಬ ವಿಷದ ಗಿಡ ಸೇರಿಕೊಂಡಿತ್ತು. ನಮ್ಮ ಹಳ್ಳಿಗಳಲ್ಲಿ ಹಾವಿನ ವಿಷಕ್ಕೆಂದು ಹೇಳುವ ಈಶ್ವರಿ ಬಳ್ಳಿ ಅದೇ ಕುಲದ್ದು. 2004ರಲ್ಲಿ ಬಾಸ್ಟನ್ ಪ್ರದೇಶದ ಅಂಗಡಿಗಳಿಂದ ಕೊಂಡು ಪರೀಕ್ಷಿಸಿದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಜಲೋದರವನ್ನು ಗುಣಪಡಿಸುತ್ತೇವೆ ಎಂದು ಜಾಹೀರಾತು ಕೊಡುವುದನ್ನು ನಮ್ಮ ದೇಶದ 1954ರ ಕಾನೂನು ನಿಷೇಧಿಸಿದೆ ಎಂಬುದನ್ನು, ಅಂತಹ ಜಾಹೀರಾತು ಮೊಬೈಲಿಗೆ ಬಂದಾಗ ನೆನಪಿಟ್ಟುಕೊಳ್ಳಬಹುದು.

ಕೆಲವು ಊತಗಳಿಗೆ ಕಷಾಯ ಕುದಿಸುವಷ್ಟೂ ಸಮಯವಿಲ್ಲ. ಒಂದೇ ಕಾಲು ಇದ್ದಕ್ಕಿದ್ದಂತೆ ಬಾತು ಮೀನಖಂಡ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಊತದ ಜೊತೆ ಏದುಸಿರು ಬಂದರೆ, ಮಲಗಿದೊಡನೆ ಉಸಿರು ಕಟ್ಟಿದರೆ, ಮೂತ್ರ ಕಡಿಮೆಯಾಗಿ ನೊರೆ ಕಟ್ಟಿದರೆ, ಗರ್ಭಿಣಿಯರಲ್ಲಿ ಮುಖ, ಕೈ ಊದಿ ತಲೆನೋವು ಅಥವಾ ಕಣ್ಣು ಮಂಜಾಗುವುದು ಕಂಡರೆ ನೇರ ಆಸ್ಪತ್ರೆಗೆ ಹೋಗಬೇಕು.

ಇವು ಯಾವುವೂ ಇಲ್ಲದೆ, ಕಾರಣ ತಿಳಿದ ಮೇಲೆ, ವೈದ್ಯರಿಗೆ ಹೇಳಿಯೇ ಪುನರ್ನವವನ್ನು ಪ್ರಯತ್ನಿಸಬೇಕೆನ್ನುವವರು ಅದನ್ನು ಔಷಧದಂತೆಯೇ ನಡೆಸಿಕೊಳ್ಳಲಿ. ಆರಂಭಿಸುವ ಮೊದಲು ಮೂತ್ರಪಿಂಡದ ಸ್ಥಿತಿಯನ್ನು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಪೊಟ್ಯಾಸಿಯಂ ಪರೀಕ್ಷೆಯನ್ನೂ ಮಾಡಿಸಿ, ವೈದ್ಯರು ಹೇಳಿದ ಅವಧಿಯ ನಂತರ ಮತ್ತೊಮ್ಮೆ ಮಾಡಿಸಬೇಕು. ದಿನವೂ ಬೆಳಿಗ್ಗೆ ಮೂತ್ರಕ್ಕೆ ಹೋಗಿಬಂದು, ತಿಂಡಿಗೆ ಮುಂಚೆ, ಒಂದೇ ಯಂತ್ರದಲ್ಲಿ ತೂಕ ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು; ಹೃದಯದ ತೊಂದರೆ ಇರುವವರ ತೂಕ ಮೂರು ದಿನಗಳಲ್ಲಿ 2 ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು, ಅಂದೇ ವೈದ್ಯರಿಗೆ ತಿಳಿಸಬೇಕು. ಪಾದದ ಗಂಟಿನ ಮೇಲೆ ಒಂದೇ ಜಾಗದಲ್ಲಿ ದರ್ಜಿಯ ಟೇಪಿನಿಂದ ಸುತ್ತಳತೆ ತೆಗೆದಿಟ್ಟರೆ ಊತ ಇಳಿಯಿತೇ ಎಂಬುದಕ್ಕೆ ಊಹೆಯ ಬದಲು ಅಂಕಿ ಸಿಗುತ್ತದೆ. ಅಂಕಿಗಳು ಅಲುಗಾಡದಿದ್ದರೆ ಮಾತ್ರೆಯನ್ನು ಮುಂದುವರಿಸಲು ಕಾರಣವಿಲ್ಲ. ಉಪ್ಪು ಕಡಿಮೆ ಮಾಡುವುದು, ನಡುನಡುವೆ ಎದ್ದು ನಡೆಯುವುದು, ಮಲಗುವಾಗ ಕಾಲ ಕೆಳಗೆ ದಿಂಬು ಇಡುವುದು, ವೈದ್ಯರು ಹೇಳಿದ್ದರೆ ಒತ್ತು ಕೊಡುವ ಸಾಕ್ಸ್ ತೊಡುವುದು ಇವನ್ನು ಮಾತ್ರೆ ಇದ್ದರೂ ಇಲ್ಲದಿದ್ದರೂ ಬಿಡಬಾರದು.